ಗಾಳಿಯಿಂದ ಬಿಸಿನೀರು: ಮನೆಗೆ ಶಾಖಪಂಪು ಬೇಕೆ?

ಮೈಸೂರಿನ ನಮ್ಮ ಮನೆಯ ಮಾಳಿಗೆಯ ಮೇಲೆ ಹನ್ನೆರಡು ವರ್ಷಗಳಿಂದ ಸೋಲಾರ್ ಹೀಟರೊಂದು ಬಿಸಿಲಿನಿಂದಲೇ ಸ್ನಾನದ ನೀರನ್ನು ಕಾಯಿಸಿಕೊಡುತ್ತಿತ್ತು. ಕಳೆದ ವರ್ಷ ದಕ್ಷಿಣದ ನಿವೇಶನದಲ್ಲಿ ಐದು ಅಂತಸ್ತಿನ ಕಟ್ಟಡವೊಂದು ಎದ್ದಿತು. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ಸರಿದಾಗ ಅದರ ನೆರಳು ನಮ್ಮ ಮಾಳಿಗೆಯನ್ನು ಆವರಿಸತೊಡಗಿತು. ಬಿಸಿನೀರು ಅತ್ಯಗತ್ಯವಾದ ತಿಂಗಳುಗಳಲ್ಲಿಯೇ ಅದು ಇಲ್ಲವಾಯಿತು. ವಿದ್ಯುತ್ ಗೀಸರಿಗೆ ಮೊರೆಹೋದೆವು. ವಿದ್ಯುತ್ ಬಿಲ್ಲು ಏರಿತು.

ಆಗ ಅಂಗಡಿಯವರೊಬ್ಬರು ‘ಹೀಟ್ ಪಂಪ್’ ಎಂಬ ಯಂತ್ರವನ್ನು ಸೂಚಿಸಿದರು. ಒಂದು ಯೂನಿಟ್ ವಿದ್ಯುತ್ತನ್ನು ತೆಗೆದುಕೊಂಡು ಅದು ಮೂರು ಯೂನಿಟ್ಟಿನಷ್ಟು ಶಾಖವನ್ನು ಕೊಡುವುದಂತೆ! ಉಳಿದ ಶಾಖ ಸುತ್ತಲಿನ ಗಾಳಿಯಿಂದ ಬರುತ್ತದೆಂದು ಅವರು ಹೇಳಿದರು. “ಗಾಳಿಯಿಂದ ನೀರು ಕಾಯುವುದುಂಟೇನಪ್ಪ?” ಎಂದು ನಮ್ಮ ತಾಯಿಯವರು ನಕ್ಕರು. ಕಾಲೇಜಿನಲ್ಲಿ ಈ ಮಾತು ಬಂದಾಗ ವಿದ್ಯಾರ್ಥಿಯೊಬ್ಬನು, ಹಾಗಾದರೆ ಶಕ್ತಿ ಸಂರಕ್ಷಣೆಯ ನಿಯಮದ ಗತಿಯೇನೆಂದು ಕೇಳಿದನು. ಎರಡೂ ಯೋಗ್ಯವಾದ ಪ್ರಶ್ನೆಗಳೇ. ಇವಕ್ಕೆ ಉತ್ತರ ದೊರೆತರೆ, ಯಂತ್ರವನ್ನು ಕೊಳ್ಳಬೇಕೆ ಬೇಡವೆ ಎಂಬ ಮೂರನೆಯ ಪ್ರಶ್ನೆಯ ಉತ್ತರವೂ ತಾನಾಗಿ ದೊರೆಯುತ್ತದೆ.

ಬಾವಿಯ ನೀರನ್ನು ಮೇಲೆತ್ತುವ ವಿದ್ಯುತ್ ಪಂಪನ್ನು ನೆನೆಯೋಣ. ಅಲ್ಲಿ ವಿದ್ಯುತ್ತು ನೀರನ್ನು ಸೃಷ್ಟಿಸುವುದಿಲ್ಲ. ಬಾವಿಯಲ್ಲಿ ಮೊದಲೇ ಇರುವ ನೀರನ್ನು ಮೇಲಕ್ಕೆತ್ತುತ್ತದೆ, ಅಷ್ಟೆ. ಶಾಖಪಂಪಿನ ಕೆಲಸವೂ ಇಂಥದೇ. ಗೀಸರಿನಲ್ಲಿ ವಿದ್ಯುತ್ತೇ ಶಾಖವಾಗಿ ಮಾರ್ಪಡುತ್ತದೆ; ಆದುದರಿಂದ ಒಂದು ಯೂನಿಟ್ಟಿಗೆ ಒಂದು ಯೂನಿಟ್ ಶಾಖಕ್ಕಿಂತ ಹೆಚ್ಚು ಸಿಗಲಾರದು. ಶಾಖಪಂಪಾದರೋ ಗಾಳಿಯಲ್ಲಿ ಆಗಲೇ ಇರುವ ಶಾಖವನ್ನು ಎತ್ತಿ ನೀರಿಗೆ ಸಾಗಿಸುತ್ತದೆ. ಗಾಳಿಯಿಂದ ಎರಡು ಪಾಲು, ವಿದ್ಯುತ್ತಿನಿಂದ ಒಂದು ಪಾಲು, ಒಟ್ಟು ಮೂರು ಪಾಲು. ಶಕ್ತಿ ಸಂರಕ್ಷಣೆಯ ನಿಯಮಕ್ಕೆ ಇದರಿಂದ ಯಾವ ಭಂಗವೂ ಇಲ್ಲ.

ತಣ್ಣನೆಯ ಗಾಳಿಯಲ್ಲಿ ಶಾಖವೆಲ್ಲಿಂದ ಬಂತು? ‘ತಣ್ಣಗೆ’ ಎಂಬುದು ನಮ್ಮ ಚರ್ಮದ ಮಾತು, ಪ್ರಕೃತಿಯ ಮಾತಲ್ಲ. ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿ ಸೆಲ್ಸಿಯಸ್, ನಿರಪೇಕ್ಷ ಮಾನದಲ್ಲಿ 273 ಕೆಲ್ವಿನ್ ಆಗುತ್ತದೆ. 20 ಡಿಗ್ರಿಯ ಗಾಳಿಯ ಉಷ್ಣತೆ 293 ಕೆಲ್ವಿನ್. ಅದರಲ್ಲಿ ಶಾಖ ಬೇಕಾದಷ್ಟಿದೆ. ಆದರೆ ಶಾಖವು ಬಿಸಿಯಾದ ಕಡೆಯಿಂದ ತಂಪಾದ ಕಡೆಗೆ ತಾನಾಗಿ ಹರಿಯುತ್ತದೆಯೇ ಹೊರತು, ತಂಪಿನಿಂದ ಬಿಸಿಯ ಕಡೆಗೆ ತಾನಾಗಿ ಏರುವುದಿಲ್ಲ. ಏರಿಸಲು ಕೆಲಸ ಬೇಕು.

ಆ ಕೆಲಸವನ್ನು ಯಂತ್ರವು ಮಾಡುವ ಬಗೆಯನ್ನು ನೋಡೋಣ. ಅಂಗೈಗೆ ಸ್ಪಿರಿಟ್ ಹಚ್ಚಿಕೊಂಡರೆ ಅದು ಆರುವಾಗ ಕೈ ತಣ್ಣಗಾಗುತ್ತದೆ. ದ್ರವವು ಆವಿಯಾಗಲು ಶಾಖವನ್ನು ಹೀರಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ಬುಡ ಬಿಸಿಯಾಗುತ್ತದೆ; ಒತ್ತಿದ ಅನಿಲದ ಉಷ್ಣತೆ ಏರುತ್ತದೆ. ಶಾಖಪಂಪಿನಲ್ಲಿ ಈ ಎರಡು ಸಂಗತಿಗಳು ಕೈಜೋಡಿಸಿವೆ. ಅದರ ಕೊಳವೆಗಳಲ್ಲಿ ಬಹು ಕಡಿಮೆ ಉಷ್ಣತೆಯಲ್ಲಿಯೇ ಕುದಿಯುವ ದ್ರವವೊಂದು ಸುತ್ತುತ್ತಿರುತ್ತದೆ. ಉದಾಹರಣೆಗೆ, ಆರ್-134ಎ ಎಂಬ ದ್ರವವು ವಾಯುಮಂಡಲದ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಫ್ಯಾನು ಬೀಸಿದ ಗಾಳಿಯಿಂದ ಶಾಖವನ್ನು ಹೀರಿ ಈ ದ್ರವ ಆವಿಯಾಗುತ್ತದೆ. ಆವಿಯನ್ನು ಕಂಪ್ರೆಸರು ಒತ್ತಿ ಬಿಸಿ ಮಾಡುತ್ತದೆ. ಬಿಸಿಯಾದ ಆವಿ ನೀರಿನ ತೊಟ್ಟಿಯನ್ನು ಸುತ್ತಿರುವ ಕೊಳವೆಯಲ್ಲಿ ಶಾಖವನ್ನು ಬಿಟ್ಟುಕೊಟ್ಟು ಮರಳಿ ದ್ರವವಾಗುತ್ತದೆ. ಕಿರಿದಾದ ದ್ವಾರವೊಂದನ್ನು ಹಾದಾಗ ಅದರ ಒತ್ತಡವೂ ಉಷ್ಣತೆಯೂ ಇಳಿದು, ಪುನಃ ಗಾಳಿಯ ಶಾಖವನ್ನು ಹೀರಲು ಅದು ಸಿದ್ಧವಾಗುತ್ತದೆ. ಮನೆಯ ಫ್ರಿಜ್ಜಿನಲ್ಲಿ ನಡೆಯುವುದೂ ಇದೇ ಕ್ರಿಯೆ. ಅಲ್ಲಿ ನಮಗೆ ಬೇಕಾದುದು ತಂಪು. ಇಲ್ಲಿ ಬೇಕಾದುದು ಬಿಸಿ.

ಈ ವಿಚಾರ ಹೊಸದಲ್ಲ. ಶಾಖಯಂತ್ರಗಳ ಮಿತಿಯನ್ನು ಫ್ರಾನ್ಸಿನ ಸಾದಿ ಕಾರ್ನೊ 1824ರಲ್ಲಿಯೇ ವಿವೇಚಿಸಿದ್ದನು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಲಿಯಂ ಥಾಮ್ಸನ್, ಇಂಥ ಯಂತ್ರದಿಂದ ಕಟ್ಟಡಗಳನ್ನು ಬೆಚ್ಚಗಿಡಬಹುದೆಂದು 1852ರಲ್ಲಿ ತೋರಿಸಿದನು. 1938ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪುರಭವನವನ್ನು ಲಿಮ್ಮಾಟ್ ನದಿಯ ನೀರಿನಿಂದ ಶಾಖವನ್ನೆತ್ತಿ ಬೆಚ್ಚಗೆ ಮಾಡಲಾಯಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಬಾವಿ ಆಳವಾದಷ್ಟೂ ಒಂದು ಕೊಡ ನೀರೆತ್ತಲು ಹೆಚ್ಚು ಶ್ರಮ. ಶಾಖಪಂಪಿಗೆ ಈ ‘ಆಳ’ವೆಂದರೆ ಗಾಳಿಯ ಮತ್ತು ಬಿಸಿನೀರಿನ ಉಷ್ಣತೆಗಳ ಅಂತರ. ಆದರ್ಶ ಯಂತ್ರದಲ್ಲಿ ಒಂದು ಯೂನಿಟ್ಟಿಗೆ ದೊರೆಯುವ ಶಾಖವನ್ನು ಕಂಡುಹಿಡಿಯಲು, ನೀರಿನ ನಿರಪೇಕ್ಷ ಉಷ್ಣತೆಯನ್ನು ಈ ಅಂತರದಿಂದ ಭಾಗಿಸಬೇಕು. ಗಾಳಿ 20 ಡಿಗ್ರಿ, ನೀರು 50 ಡಿಗ್ರಿ ಎಂದುಕೊಂಡರೆ 323ನ್ನು 30ರಿಂದ ಭಾಗಿಸಿ 10.8 ಎಂದಾಗುತ್ತದೆ. ನಿಜವಾದ ಯಂತ್ರ ಇಷ್ಟು ಕೊಡಲಾರದು. ಶಾಖ ಹರಿಯಬೇಕಾದರೆ ಒಳಗಿನ ದ್ರವವು ಗಾಳಿಗಿಂತ ತಂಪಾಗಿಯೂ ತೊಟ್ಟಿಯ ಬಳಿ ನೀರಿಗಿಂತ ಬಿಸಿಯಾಗಿಯೂ ಇರಬೇಕು. ಬಾವಿ ಅಷ್ಟು ಆಳವಾದಂತಾಯಿತು. ಕಂಪ್ರೆಸರಿನ ನಷ್ಟವೂ ಇದೆ. ಆದುದರಿಂದ ಕೈಗೆ ಸಿಗುವುದು ಸುಮಾರು ಮೂರು, ಅನುಕೂಲವಿದ್ದರೆ ನಾಲ್ಕು. ಅಂಗಡಿಯವರು ಹೇಳಿದ ‘ಮೂರು’ ಯಂತ್ರಕ್ಕೆ ಅಂಟಿದ ಸ್ಥಿರ ಗುಣವಲ್ಲ. ಗಾಳಿ ತಂಪಾದರೆ ಅಥವಾ ನೀರು ಇನ್ನೂ ಬಿಸಿಯಾಗಬೇಕೆಂದರೆ ಅದು ಇಳಿಯುತ್ತದೆ.

ಚಳಿದೇಶಗಳಲ್ಲಿ ಇದು ಬಿಸಿನೀರಿನ ಪ್ರಶ್ನೆಗಿಂತ ಮನೆಯನ್ನೇ ಬೆಚ್ಚಗಿಡುವ ಪ್ರಶ್ನೆ. 2023ರಲ್ಲಿ ಬ್ರಿಟಿಷ್ ಸರ್ಕಾರವು ಇಂಗ್ಲೆಂಡ್ ಮತ್ತು ವೇಲ್ಸಿನ ಮನೆಗಳಿಗೆ ಶಾಖಪಂಪು ಹಾಕಿಸಲು ಕೊಡುವ ಸಹಾಯಧನವನ್ನು 7,500 ಪೌಂಡುಗಳಿಗೆ ಏರಿಸಿತು. ಅಲ್ಲಿ ಚಳಿ ತೀವ್ರವಾದಾಗಲೇ ಶಾಖದ ಅಗತ್ಯ ಹೆಚ್ಚು, ಆಗಲೇ ಬಾವಿಯೂ ಆಳ. ಗಾಳಿಯ ತೇವ ಹೊರಗಿನ ಕೊಳವೆಗಳ ಮೇಲೆ ಹಿಮವಾಗಿ ಕೂಡುವುದರಿಂದ ಅದನ್ನು ಆಗಾಗ ಕರಗಿಸಲೂ ಶಕ್ತಿ ವ್ಯಯವಾಗುತ್ತದೆ. ಆದುದರಿಂದ ಅಲ್ಲಿನವರು ಮೊದಲು ಗೋಡೆ, ಮಾಡು, ಕಿಟಕಿಗಳಿಂದ ಶಾಖ ಸೋರದಂತೆ ಮಾಡಿಕೊಂಡು, ನೆಲದಡಿಯ ಕೊಳವೆಗಳಲ್ಲಿ 35 ಡಿಗ್ರಿಯ ಉಗುರುಬೆಚ್ಚನೆಯ ನೀರು ಸಾಕಾಗುವಂತೆ ವ್ಯವಸ್ಥೆ ಮಾಡಿಕೊಳ್ಳುವುದು ಜಾಣತನ. ನಮ್ಮ ಮೈಸೂರಿನಲ್ಲಿ ಈ ತೊಡಕುಗಳಿಲ್ಲ; ನಮ್ಮ ಗಾಳಿಯ ಬಾವಿ ವರ್ಷವೆಲ್ಲವೂ ಆಳವಿಲ್ಲದ ಬಾವಿಯೇ.

ಹಾಗಾದರೆ ಕೂಡಲೇ ಕೊಳ್ಳಬಹುದೆ? ಇಲ್ಲಿ ಎರಡನೆಯ ಲೆಕ್ಕವೊಂದಿದೆ. ನಮ್ಮ ಮನೆಯಲ್ಲಿ ಆರು ಜನ. ಒಂದು ವಾರ ಬಕೆಟ್ಟುಗಳನ್ನೆಣಿಸಿ, ಥರ್ಮಾಮೀಟರ್ ಹಿಡಿದು ಅಳೆದೆವು. ದಿನಕ್ಕೆ ಸುಮಾರು 150 ಲೀಟರು ನೀರು, 22 ಡಿಗ್ರಿಯಿಂದ 50 ಡಿಗ್ರಿಗೆ ಕಾಯಬೇಕು. ಒಂದು ಲೀಟರು ನೀರನ್ನು ಒಂದು ಡಿಗ್ರಿ ಕಾಯಿಸಲು 4.2 ಕಿಲೋಜೌಲ್ ಬೇಕು. 150, 28, 4.2 ಇವುಗಳನ್ನು ಗುಣಿಸಿದರೆ 17,640 ಕಿಲೋಜೌಲ್. ಒಂದು ಯೂನಿಟ್ಟೆಂದರೆ 3,600 ಕಿಲೋಜೌಲ್; ಆದುದರಿಂದ ಗೀಸರಿಗೆ ದಿನಕ್ಕೆ 4.9 ಯೂನಿಟ್ ಬೇಕು. ಶಾಖಪಂಪಿಗೆ ಇದರ ಮೂರನೆಯ ಒಂದು ಪಾಲು, ಅಂದರೆ ಸುಮಾರು 1.6 ಯೂನಿಟ್ ಸಾಕು. ವರ್ಷಕ್ಕೆ 1,190 ಯೂನಿಟ್ಟಿನಷ್ಟು ಉಳಿತಾಯ. ತೆರಿಗೆಯೂ ಸೇರಿ ಯೂನಿಟ್ಟಿಗೆ 7 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ಸುಮಾರು 8,330 ರೂಪಾಯಿ.

ನಮಗೆ ಹೇಳಿದ ಬೆಲೆ 90,000 ರೂಪಾಯಿ. ಉಳಿತಾಯದಿಂದ ಅದು ಹಿಂದಿರುಗಲು ಸುಮಾರು 11 ವರ್ಷ ಬೇಕು. ಯಂತ್ರವೇ ಹತ್ತು ಹದಿನೈದು ವರ್ಷ ಬಾಳಿದರೆ ಹೆಚ್ಚು. ನಡುವೆ ದುರಸ್ತಿಯ ವೆಚ್ಚ ಬೇರೆ. ಭೌತವಿಜ್ಞಾನ ಹೌದೆಂದಿತು, ಗೃಹಗಣಿತ ತಲೆಯಾಡಿಸಲಿಲ್ಲ. ನಾವು ಮೊದಲು ಬೇಡವೆಂದೇ ನಿಶ್ಚಯಿಸಿದೆವು.

ಅಷ್ಟರಲ್ಲಿ ಮಹಡಿಯ ಮೇಲಿನ ಮನೆಯಲ್ಲಿರುವ ನಮ್ಮ ಅಣ್ಣನವರು, “ಎರಡು ಮನೆಗೂ ಒಂದೇ ತೊಟ್ಟಿ ಯಾಕಾಗಬಾರದು?” ಎಂದರು. ಅವರ ಖರ್ಚೂ ದಿನಕ್ಕೆ 150 ಲೀಟರೇ. ನೀರು ಇಮ್ಮಡಿಯಾದರೆ ಉಳಿತಾಯವೂ ಇಮ್ಮಡಿ, 16,660 ರೂಪಾಯಿ. ಯಂತ್ರದ ಬೆಲೆ ಮಾತ್ರ ಇಮ್ಮಡಿಯಾಗಲಿಲ್ಲ; 1,30,000 ರೂಪಾಯಿ ಆಯಿತು. ಹಣ ಹಿಂದಿರುಗುವ ಅವಧಿ ಎಂಟು ವರ್ಷಕ್ಕಿಂತ ಕೊಂಚ ಕಡಿಮೆಗಿಳಿಯಿತು. ಯಂತ್ರದಲ್ಲಿ ಏನೂ ಬದಲಾಗಲಿಲ್ಲ, ಬಳಕೆ ಬದಲಾಯಿತು, ತೀರ್ಮಾನವೂ ಬದಲಾಯಿತು. ವಿದ್ಯಾರ್ಥಿನಿಲಯ, ಆಸ್ಪತ್ರೆ, ಹೋಟೆಲುಗಳಿಗೆ ಶಾಖಪಂಪು ಹೆಚ್ಚು ಒಪ್ಪುವುದೂ ಇದೇ ಕಾರಣದಿಂದ. ಒಬ್ಬಿಬ್ಬರೇ ಇರುವ ಮನೆಗೆ ಗೀಸರೇ ಲೇಸು. ಮಾಳಿಗೆಯ ಮೇಲೆ ಬಿಸಿಲು ಬೀಳುವ ಮನೆಯವರು ಸೋಲಾರ್ ಹೀಟರನ್ನು ಬಿಡಬೇಕಾದುದಿಲ್ಲ. ಗಾಳಿಯ ಶಾಖವೂ ಕೊನೆಗೆ ಸೂರ್ಯನದೇ ತಾನೆ!

ಕೊಳ್ಳುವವರು ಇನ್ನು ಕೆಲವು ಸಂಗತಿಗಳನ್ನು ಗಮನಿಸಬೇಕು. ಯಂತ್ರಕ್ಕೆ ಗಾಳಿಯೇ ಬಾವಿಯಾದುದರಿಂದ ಅದನ್ನು ಮುಚ್ಚಿದ ಕೋಣೆಯಲ್ಲಿಟ್ಟರೆ ತಾನು ತಣಿಸಿದ ಗಾಳಿಯನ್ನೇ ಮತ್ತೆ ಸೆಳೆದುಕೊಂಡು ಸೊರಗುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ ಅದರ ಕೊಳವೆಗಳ ಮೇಲೆ ನೀರಾಗಿ ತೊಟ್ಟಿಕ್ಕುತ್ತದೆ. ಆ ತೇವದ ಗುಪ್ತೋಷ್ಣವೂ ನಮಗೆ ಲಾಭವೇ, ಆದರೆ ನೀರು ಹರಿದುಹೋಗಲು ದಾರಿ ಬೇಕು. ಗಡಸು ನೀರಿದ್ದಲ್ಲಿ ಸುಣ್ಣದ ಪೊರೆ ಕಟ್ಟಿ ಶಾಖದ ಹರಿವಿಗೆ ಅಡ್ಡಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರವನ್ನು ಬೆಳಗಿನ ಜಾವದಲ್ಲಿ ನಡೆಸದೆ ಮಧ್ಯಾಹ್ನ ನಡೆಸಬೇಕು. ಜನವರಿಯ ಮುಂಜಾನೆ 16 ಡಿಗ್ರಿ ಇರುವ ಗಾಳಿ ಮಧ್ಯಾಹ್ನ 28 ಡಿಗ್ರಿ ಇದ್ದರೆ, ಅಂತರ 34ರಿಂದ 22ಕ್ಕೆ ಇಳಿಯುತ್ತದೆ. ಬಾವಿಯ ನೀರು ಮೇಲೆ ಬಂದಾಗ ಸೇದಿಟ್ಟುಕೊಂಡಂತೆ ಇದು.

ಈಗ ನಮ್ಮ ಮನೆಯಲ್ಲಿ ಮಧ್ಯಾಹ್ನ ಕಾದ ನೀರು ಶಾಖ ಸೋರದ ತೊಟ್ಟಿಯಲ್ಲಿ ರಾತ್ರಿಯೆಲ್ಲ ಇದ್ದು, ಮುಂಜಾನೆ ಐದಕ್ಕೆ ತಾಯಿಯವರ ಸ್ನಾನಕ್ಕೆ ಒದಗುತ್ತಿದೆ. ಗಾಳಿಯಿಂದ ನೀರು ಕಾಯುವುದನ್ನು ಅವರು ಒಪ್ಪಿದ್ದಾರೆ. ಆದರೆ ಓದುಗರು ನಮ್ಮ ತೀರ್ಮಾನವನ್ನು ಹಾಗೆಯೇ ಸ್ವೀಕರಿಸಬೇಕಾಗಿಲ್ಲ. ಒಂದು ಥರ್ಮಾಮೀಟರ್, ಒಂದು ಬಕೆಟ್, ಒಂದು ವಿದ್ಯುತ್ ಬಿಲ್ಲು ಇಷ್ಟಿದ್ದರೆ ಸಾಕು, ತಮ್ಮ ಮನೆಯ ತೀರ್ಮಾನವನ್ನು ತಾವೇ ಮಾಡಬಹುದು.