ಅಂಗಿಯ ಮೇಲಿನ ಅಕ್ಷರ ಉದುರುವುದೇಕೆ?

ನವೆಂಬರ್ 1 ಬಂತೆಂದರೆ ಊರೂರಿನಲ್ಲೂ ಹಳದಿ-ಕೆಂಪು ಟೀ ಶರ್ಟುಗಳ ಸಂಭ್ರಮ. ಎದೆಯ ಮೇಲೆ ದೊಡ್ಡದಾಗಿ ‘ಕರ್ನಾಟಕ’. ಮೆರವಣಿಗೆ ಮುಗಿದು, ಅಂಗಿ ಎರಡು ಸಲ ಒಗೆತ ಕಂಡ ಮೇಲೆ ನೋಡಿದರೆ ಅರ್ಕಾವೊತ್ತು ಮಾಯ! ‘ಕರ್ನಾಟಕ’ ಹೋಗಿ ‘ಕನಾಟಕ’ ಆಗಿರುತ್ತದೆ. ‘ಕನ್ನಡ’ದ ಒತ್ತಕ್ಷರ ಕಳಚಿ ‘ಕನಡ’ ಉಳಿದಿರುತ್ತದೆ.

ಅಂಗಡಿಯವರು ಮೋಸ ಮಾಡಿದರೆಂದು ಮನೆಯವರು ಹೇಳುತ್ತಾರೆ. ಒಗೆದ ರೀತಿಯೇ ಸರಿಯಿಲ್ಲವೆಂದು ಅಂಗಡಿಯವರು ಹೇಳುತ್ತಾರೆ. ಈ ಜಗಳ ಬಗೆಹರಿಯಬೇಕಾದರೆ ಅಕ್ಷರ ಅಂಟಿಸಿದ ಹೀಟ್ ಪ್ರೆಸ್ ಯಂತ್ರದಡಿಯಲ್ಲಿ ಆ ಹದಿನೈದು ಸೆಕೆಂಡುಗಳ ಕಾಲ ಏನು ನಡೆಯಿತೆಂದು ನೋಡಬೇಕು. ಶಾಲೆಯಲ್ಲಿ ಓದುವ ಉಷ್ಣ, ಒತ್ತಡ, ಗುಪ್ತೋಷ್ಣ, ಉತ್ಪತನ ಎಲ್ಲವೂ ಅಲ್ಲಿವೆ. ಸಣ್ಣ ಅಂಗಡಿಯೊಂದು ಕಾಲೇಜು ಹಬ್ಬಕ್ಕೆ ನೂರು ಅಂಗಿಗಳ ಆರ್ಡರ್ ಹಿಡಿದಿದ್ದರೆ, ಅದರ ಲಾಭ-ನಷ್ಟ ನಿರ್ಧಾರವಾಗುವುದೂ ಅಲ್ಲಿಯೇ.

ಯಂತ್ರ ಸರಳ

ಹೀಟ್ ಪ್ರೆಸ್ಸನ್ನು ದೊಡ್ಡ ಇಸ್ತ್ರಿ ಪೆಟ್ಟಿಗೆ ಎನ್ನಬಹುದು. ಮೇಲೆ ಅಲ್ಯುಮಿನಿಯಮ್ ತಟ್ಟೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು 38 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ್ದು. ಅದರೊಳಗೆ ವಿದ್ಯುತ್ ತಂತಿಯ ಕಾಯಿಲ್. ಕೆಳಗೆ ಸಿಲಿಕೋನ್ ರಬ್ಬರಿನ ಮೆತ್ತೆ. ಹಿಡಿಕೆ ಇಳಿಸಿದರೆ ತಟ್ಟೆ ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ. ಉಷ್ಣತೆಗೆ ಒಂದು ನಿಯಂತ್ರಕ, ಸಮಯಕ್ಕೆ ಒಂದು ಗಡಿಯಾರ, ಒತ್ತಡಕ್ಕೆ ಒಂದು ತಿರುಪು.

ಮನೆಯ ಇಸ್ತ್ರಿ ಪೆಟ್ಟಿಗೆಯಿಂದಲೇ ಈ ಕೆಲಸ ಆಗದೇ ಎಂದು ಮಕ್ಕಳು ಕೇಳುವುದುಂಟು. ಚಿಕ್ಕ ಚಿತ್ರವಾದರೆ ತಕ್ಕಮಟ್ಟಿಗೆ ಆದೀತು. ಇಸ್ತ್ರಿ ಪೆಟ್ಟಿಗೆಯ ಮೇಲಿನ ಒಂದು ಚುಕ್ಕೆ ಗರಿಷ್ಠ 110 ಡಿಗ್ರಿ ಸೆಲ್ಸಿಯಸ್, ಎರಡು ಚುಕ್ಕೆ 150, ಮೂರು ಚುಕ್ಕೆ 200 ಎಂಬುದನ್ನು ಸೂಚಿಸುತ್ತದೆ. ಆದರೆ ಅದರ ಥರ್ಮೋಸ್ಟಾಟ್ ಒಮ್ಮೆ ಹತ್ತಿ ಒಮ್ಮೆ ಆರುವುದರಿಂದ ಕಾವು ಏರಿಳಿಯುತ್ತಲೇ ಇರುತ್ತದೆ. ಆವಿ ಬರುವ ರಂಧ್ರಗಳಿರುವ ಕಡೆ ಬಟ್ಟೆಗೆ ತಟ್ಟೆ ತಾಗುವುದೇ ಇಲ್ಲ. ಕೈಯ ಒತ್ತಡವೂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ.

ಕಾವು, ಒತ್ತಡ, ಹೊತ್ತು

ಚನ್ನಪಟ್ಟಣದ ಬೊಂಬೆ ಮಾಡುವವರನ್ನು ಕಂಡವರಿಗೆ ಈ ವಿದ್ಯೆಯ ಗುಟ್ಟು ತಿಳಿಯುತ್ತದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಕಾವಿಗೆ ಅರಗು ಮೆತ್ತಗಾಗಿ ಮರದ ಮೇಲೆಲ್ಲ ಹರಡಿ ಹಿಡಿದುಕೊಳ್ಳುತ್ತದೆ. ಕಾವು ಸಾಲದಿದ್ದರೆ ಹಿಡಿಯದು, ಒತ್ತದಿದ್ದರೆ ಹರಡದು, ಹೊತ್ತು ಕೊಡದಿದ್ದರೆ ಸಮನಾಗದು.

ಟೀ ಶರ್ಟಿನ ಅಕ್ಷರದ ಬೆನ್ನಿಗೂ ಇಂಥದೇ ಅಂಟಿನ ಪದರವಿದೆ. ಕಾದಾಗ ಮೆತ್ತಗಾಗಿ ಆರಿದಾಗ ಗಟ್ಟಿಯಾಗುವ ಪಾಲಿಮರ್ ಅದು. ಕಾವು ಅದನ್ನು ಕರಗಿಸುತ್ತದೆ. ಒತ್ತಡ ಅದನ್ನು ನೂಲಿನ ಎಳೆಗಳ ನಡುವೆ ಇಳಿಸುತ್ತದೆ. ಅಷ್ಟು ಆಳಕ್ಕೆ ಇಳಿಯಲು ಸಮಯ ಬೇಕು. ಆರಿದ ಮೇಲೆ ಎಳೆಗಳು ಅಂಟಿನೊಳಗೆ ಸಿಕ್ಕಿಕೊಳ್ಳುತ್ತವೆ. ಕಾವು ಕಡಿಮೆಯಾದರೆ ಅಂಟು ನೂಲಿನ ಮೇಲೆಯೇ ಕುಳಿತಿರುತ್ತದೆ. ಅಂಗಡಿಯಲ್ಲಿ ಚೆನ್ನಾಗಿ ಕಂಡರೂ ಒಗೆತದಲ್ಲಿ ಎದ್ದುಬರುತ್ತದೆ. ಕಾವು ಅತಿಯಾದರೆ ಅಂಟು ತೆಳುವಾಗಿ ಅಂಚಿನಿಂದ ಹೊರಗೆ ಹರಿದುಬಿಡುತ್ತದೆ, ಇಲ್ಲವೆ ಬಟ್ಟೆಯೇ ಕಂದುತ್ತದೆ.

ಕತ್ತರಿಸಿ ಅಂಟಿಸುವ ವಿನೈಲ್ ಅಕ್ಷರಗಳಿಗೆ ಸಾಮಾನ್ಯವಾಗಿ 150ರಿಂದ 160 ಡಿಗ್ರಿ, 10ರಿಂದ 15 ಸೆಕೆಂಡು ಬೇಕು. ಈಚಿನ ವರ್ಷಗಳಲ್ಲಿ ಹರಡಿರುವ ಡಿಟಿಎಫ್ ವಿಧಾನದಲ್ಲಿ ಚಿತ್ರವನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿ, ಅಂಟಿನ ಪುಡಿ ಉದುರಿಸಿ, ಕರಗಿಸಿರುತ್ತಾರೆ. ಅದಕ್ಕೂ ಹೆಚ್ಚುಕಡಿಮೆ ಇಷ್ಟೇ ಸಾಕು. ಆದರೂ ಹಾಳೆ ತಯಾರಿಸಿದವರು ಕೊಟ್ಟ ಸೂಚನೆಯೇ ಅಂತಿಮ.

ಕಾಣದ ನೀರು

ಒಣಗಿದಂತೆ ಕಾಣುವ ಹತ್ತಿ ಬಟ್ಟೆಯೂ ನಿಜವಾಗಿ ಒಣಗಿರುವುದಿಲ್ಲ. ಹತ್ತಿ ಗಾಳಿಯ ತೇವವನ್ನು ಹೀರಿ, ಸಾಧಾರಣ ಹವೆಯಲ್ಲಿ ತನ್ನ ತೂಕದ ಸುಮಾರು ಶೇಕಡಾ 8ರಷ್ಟು ನೀರನ್ನು ಇಟ್ಟುಕೊಂಡಿರುತ್ತದೆ. ಪಾಲಿಯೆಸ್ಟರಿನಲ್ಲಿ ಇರುವುದು ಶೇಕಡಾ 0.4ರಷ್ಟು ಮಾತ್ರ.

ಒಂದು ಲೆಕ್ಕ ಮಾಡೋಣ. ಚದರ ಮೀಟರಿಗೆ 180 ಗ್ರಾಂ ತೂಗುವ ಹತ್ತಿ ಟೀ ಶರ್ಟು. ಎದೆಯ ಮೇಲೆ 30 ಸೆಂ.ಮೀ. ಉದ್ದಗಲದ ಚಿತ್ರ. ಮುಂಭಾಗ ಹಿಂಭಾಗ ಸೇರಿ ತಟ್ಟೆಯಡಿ ಬರುವ ಬಟ್ಟೆಯ ತೂಕ ಸುಮಾರು 32 ಗ್ರಾಂ. ಅದರ ಶೇಕಡಾ 8 ಎಂದರೆ 2.6 ಗ್ರಾಂ ನೀರು. ಅರ್ಧ ಚಮಚ ತಾನೆ ಎನ್ನಬೇಡಿ. ಅಷ್ಟೂ ಆವಿಯಾದರೆ 150 ಡಿಗ್ರಿಯಲ್ಲಿ ಸುಮಾರು 5 ಲೀಟರ್ ಜಾಗ ಬೇಡುತ್ತದೆ! ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2260 ಜೂಲ್ ಗುಪ್ತೋಷ್ಣ ಬೇಕಾದ್ದರಿಂದ, ಅಂಟಿಗೆ ಸಲ್ಲಬೇಕಾದ ಕಾವಿನಲ್ಲಿ ಸುಮಾರು 5900 ಜೂಲ್ ನೀರಿನ ಪಾಲಾಗುತ್ತದೆ. ಮೇಲಕ್ಕೆ ಬರುವ ಆವಿ ಅಂಟಿಗೂ ಬಟ್ಟೆಗೂ ನಡುವೆ ನುಗ್ಗುತ್ತದೆ.

ಆದ್ದರಿಂದ ಬಲ್ಲವರು ಬರಿಯ ಅಂಗಿಯನ್ನು ಮೊದಲು ಐದು ಸೆಕೆಂಡು ಒತ್ತಿ, ತಟ್ಟೆ ಎತ್ತಿ ಆವಿ ಬಿಟ್ಟು, ಆಮೇಲೆ ಚಿತ್ರ ಇಡುತ್ತಾರೆ. ಮಳೆಗಾಲದಲ್ಲಿ ಎರಡು ಸಲ ಒತ್ತಿದರೂ ತಪ್ಪಿಲ್ಲ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿ ಹಿರಿಯರ ಜೊತೆ ಪರೀಕ್ಷಿಸಬಹುದು: ಹತ್ತಿಯ ಬನಿಯನ್ನನ್ನು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ, ಚೆನ್ನಾಗಿ ಇಸ್ತ್ರಿ ಮಾಡಿ ಕೂಡಲೇ ಮತ್ತೆ ತೂಗಿ. ತಕ್ಕಡಿಯ ಮೇಲೆಯೇ ಬಿಟ್ಟರೆ ತೂಕ ನಿಧಾನವಾಗಿ ಏರುವುದನ್ನೂ ಕಾಣಬಹುದು.

ಕಾಗದದ ಪರೀಕ್ಷೆ

ತಟ್ಟೆ ಸ್ವಲ್ಪ ವಾಲಿದ್ದರೂ ಒಂದು ಮೂಲೆಯ ಅಕ್ಷರ ಹಿಡಿಯುವುದಿಲ್ಲ. ಇದನ್ನು ಕಂಡುಹಿಡಿಯಲು ಐದು ಕಾಗದದ ಪಟ್ಟಿಗಳು ಸಾಕು. ಯಂತ್ರ ತಣ್ಣಗಿರುವಾಗ ನಾಲ್ಕು ಮೂಲೆ ಮತ್ತು ನಡುವೆ ಒಂದೊಂದು ಪಟ್ಟಿ ಇಟ್ಟು ಮುಚ್ಚಿ, ಒಂದೊಂದನ್ನೇ ಎಳೆದು ನೋಡಬೇಕು. ಯಾವುದು ಸಲೀಸಾಗಿ ಜಾರಿ ಬರುತ್ತದೋ ಅಲ್ಲಿ ಒತ್ತಡ ಸಾಲದು.

ಅಂಗಿಯ ಹೊಲಿಗೆ, ಗುಂಡಿ, ಕಾಲರ್ ತಟ್ಟೆಯಡಿ ಬಂದರೆ ಉಬ್ಬಿದ ಜಾಗವೇ ಒತ್ತಡವನ್ನೆಲ್ಲ ಹೊತ್ತುಕೊಂಡು ಪಕ್ಕದ ಜಾಗ ಬಡವಾಗುತ್ತದೆ. ಅವನ್ನು ಮೆತ್ತೆಯ ಹೊರಗೆ ಇಳಿಬಿಡಬೇಕು. ಆಗದಿದ್ದರೆ ಅಂಗಿಯೊಳಗೆ ದಪ್ಪ ಫೋಮ್ ತುಂಡು ಇಡಬೇಕು.

ಬೆಳಗಿನ ಮೊದಲ ಅಂಗಿ ಕೆಡುವುದಕ್ಕೆ ಕಾರಣ ಬೇರೆ. ಮೇಲಿನ ತಟ್ಟೆ ಕಾದಿದ್ದರೂ ಕೆಳಗಿನ ಮೆತ್ತೆ ತಣ್ಣಗಿದ್ದು ಕಾವನ್ನು ಹೀರಿಬಿಡುತ್ತದೆ. ಕೆಲಸಕ್ಕೆ ಮೊದಲು ಯಂತ್ರವನ್ನು ಹಳೆ ಬಟ್ಟೆಯ ಮೇಲೆ ಕೆಲವು ಸಲ ಮುಚ್ಚಿ ತೆಗೆದರೆ ಸರಿಹೋಗುತ್ತದೆ.

ಕರ್ಪೂರದಂಥ ಬಣ್ಣ

ಕಬಡ್ಡಿ, ಕ್ರಿಕೆಟ್ ತಂಡಗಳ ಪಾಲಿಯೆಸ್ಟರ್ ಜರ್ಸಿಯ ಮೇಲೆ ಕೈಯಾಡಿಸಿದರೆ ಚಿತ್ರ ಕೈಗೆ ಸಿಗುವುದೇ ಇಲ್ಲ. ಅಲ್ಲಿ ಅಂಟೇ ಇಲ್ಲ. ಕರ್ಪೂರ ಕರಗದೆ ನೇರವಾಗಿ ಆವಿಯಾಗುವುದನ್ನು ಮಕ್ಕಳು ಬಲ್ಲರು, ಅದೇ ಉತ್ಪತನ. ಕಾಗದದ ಮೇಲೆ ಮುದ್ರಿಸಿದ ವಿಶೇಷ ಬಣ್ಣವೂ 190ರಿಂದ 205 ಡಿಗ್ರಿಯಲ್ಲಿ, ಸುಮಾರು 30ರಿಂದ 60 ಸೆಕೆಂಡುಗಳಲ್ಲಿ ಹೀಗೆ ಆವಿಯಾಗಿ, ಕಾವಿಗೆ ಸಡಿಲಗೊಂಡ ಪಾಲಿಯೆಸ್ಟರ್ ಎಳೆಯೊಳಕ್ಕೆ ಸೇರುತ್ತದೆ. ಆರಿದಾಗ ಎಳೆ ಬಿಗಿಯಾಗಿ ಬಣ್ಣ ಒಳಗೇ ಸೆರೆಯಾಗುತ್ತದೆ. ಪಾಲಿಯೆಸ್ಟರನ್ನು ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ 1941ರಲ್ಲಿ ರೂಪಿಸಿದರು. ಅದಕ್ಕೆ ಆವಿಯ ಮೂಲಕ ಬಣ್ಣ ಕೊಡುವ ದಾರಿಯನ್ನು 1950ರ ದಶಕದ ಕೊನೆಯಲ್ಲಿ ಫ್ರಾನ್ಸಿನ ನೊಯೆಲ್ ದ ಪ್ಲಾಸ್ ತೋರಿಸಿದರು.

ಹತ್ತಿ ಈ ಬಣ್ಣವನ್ನು ಹಿಡಿದುಕೊಳ್ಳದು, ಒಗೆದರೆ ಮಸುಕಾಗುತ್ತದೆ. ಬಣ್ಣ ಪಾರದರ್ಶಕವಾದ್ದರಿಂದ ಕಪ್ಪು ಬಟ್ಟೆಯ ಮೇಲೆ ಕಾಣದು. ಇದೇ ವಿದ್ಯಮಾನ ಕೆಲವೊಮ್ಮೆ ತಿರುಗಿಯೂ ಬೀಳುತ್ತದೆ. ಕೆಂಪು ಪಾಲಿಯೆಸ್ಟರ್ ಜರ್ಸಿಗೆ ಬಿಳಿ ಸಂಖ್ಯೆ ಅಂಟಿಸುವಾಗ ಕಾವು ಹೆಚ್ಚಾದರೆ ಜರ್ಸಿಯ ಕೆಂಪೇ ಆವಿಯಾಗಿ ಮೇಲೇರಿ, ಬಿಳಿ ಸಂಖ್ಯೆ ಗುಲಾಬಿಯಾಗುತ್ತದೆ! ಅಂಥ ಬಟ್ಟೆಗೆ ಕಡಿಮೆ ಕಾವಿನಲ್ಲಿ ಅಂಟುವ ಹಾಳೆಯೇ ಬೇಕು. ಹೀಗಾಗಿ ಯಂತ್ರ ಹಚ್ಚುವ ಮೊದಲು ಅಂಗಿಯ ಕತ್ತಿನ ಚೀಟಿಯನ್ನು ಓದಬೇಕು.

ಒತ್ತಕ್ಷರವೇ ಮೊದಲು ಹೋಗುವುದೇಕೆ?

ಕಳಚುವುದು ಯಾವಾಗಲೂ ಅಂಚಿನಿಂದ. 20 ಮಿಲಿಮೀಟರ್ ಉದ್ದಗಲದ ಚೌಕಕ್ಕೆ 400 ಚದರ ಮಿ.ಮೀ. ಅಂಟು, 80 ಮಿ.ಮೀ. ಅಂಚು. ಅಂದರೆ ಒಂದೊಂದು ಮಿಲಿಮೀಟರ್ ಅಂಚಿನ ಹಿಂದೆ 5 ಚದರ ಮಿ.ಮೀ. ಅಂಟಿನ ಬಲವಿದೆ. 10 ಮಿ.ಮೀ. ಉದ್ದ, 2 ಮಿ.ಮೀ. ಅಗಲದ ಪಟ್ಟಿಗೆ 20 ಚದರ ಮಿ.ಮೀ. ಅಂಟು, 24 ಮಿ.ಮೀ. ಅಂಚು. ಇಲ್ಲಿ ಒಂದು ಚದರ ಮಿ.ಮೀ. ಬಲವೂ ಇಲ್ಲ. ಮೂಲಾಕ್ಷರದಿಂದ ಬೇರೆಯಾಗಿ ನಿಲ್ಲುವ ಸಣ್ಣ ಒತ್ತಕ್ಷರದ ಪಾಡು ಇದೇ. ಕನ್ನಡ ಬರೆಸುವವರು ದಪ್ಪ ಅಕ್ಷರ ಆರಿಸುವುದು ಒಳ್ಳೆಯದು. ಒತ್ತು ಸೇರುವಂತೆ ಅಕ್ಷರದ ಸುತ್ತ ಒಂದೇ ಬಣ್ಣದ ಅಂಚುಪಟ್ಟಿ ಹಾಕಿಸಿದರೆ ಇನ್ನೂ ಒಳ್ಳೆಯದು.

ಮೇಲಿನ ಪ್ಲಾಸ್ಟಿಕ್ ಹಾಳೆ ಬಿಡಿಸುವ ಗಳಿಗೆಯೂ ಮುಖ್ಯ. ಕೆಲವು ಹಾಳೆಗಳನ್ನು ಬಿಸಿಯಿದ್ದಾಗಲೇ ಎಳೆಯಬೇಕು, ಕೆಲವನ್ನು ಪೂರ್ತಿ ಆರಿದ ಮೇಲೆ. ಕೊಬ್ಬರಿ ಮಿಠಾಯಿ ಆರುವ ಮೊದಲು ತಟ್ಟೆಯಿಂದ ಎಬ್ಬಿಸಿದರೆ ಪುಡಿಯಾಗುವಂತೆ, ಆರಬೇಕಾದದ್ದನ್ನು ಅವಸರದಲ್ಲಿ ಎಳೆದರೆ ಸಣ್ಣ ತುಣುಕುಗಳು ಹಾಳೆಯ ಜೊತೆಗೇ ಎದ್ದುಬರುತ್ತವೆ. ಬಿಡಿಸಿದ ಮೇಲೆ ಟೆಫ್ಲಾನ್ ಹಾಳೆ ಹೊದಿಸಿ ಇನ್ನೊಮ್ಮೆ ಐದು ಸೆಕೆಂಡು ಒತ್ತಿದರೆ ಅಂಚುಗಳು ಚೆನ್ನಾಗಿ ಕೂರುತ್ತವೆ.

ವೋಲ್ಟೇಜ್, ಎಚ್ಚರಿಕೆ

1600 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಸುಮಾರು 7 ಆಂಪಿಯರ್ ಎಳೆಯುತ್ತದೆ. ದೀಪ, ಫ್ಯಾನಿಗೆಂದು ಇರುವ 6 ಆಂಪಿಯರ್ ಪ್ಲಗ್ಗು ಇದಕ್ಕೆ ಸಲ್ಲದು. 16 ಆಂಪಿಯರಿನದು, ಅರ್ತಿಂಗ್ ಸಹಿತ ಬೇಕು. ಸಂಜೆ ವೋಲ್ಟೇಜ್ 180ಕ್ಕೆ ಇಳಿದರೆ ಯಂತ್ರದ ಶಕ್ತಿ ಶೇಕಡಾ 61ಕ್ಕೆ ಕುಸಿಯುತ್ತದೆ, ಏಕೆಂದರೆ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣ. ಆಗ ಪ್ರತಿ ಅಂಗಿಯ ನಂತರ ತಟ್ಟೆ ಮತ್ತೆ ಕಾಯುವವರೆಗೆ ತಾಳ್ಮೆ ಬೇಕು.

200 ಡಿಗ್ರಿಯ ತಟ್ಟೆ ತಾಗಿದ ಕ್ಷಣದಲ್ಲೇ ಚರ್ಮ ಸುಡುತ್ತದೆ. ಚಿಕ್ಕ ಮಕ್ಕಳು ಹತ್ತಿರ ಸುಳಿಯಬಾರದು. ಬಣ್ಣದ ಆವಿ ಹೊರಹೋಗಲು ಕಿಟಕಿ ತೆರೆದಿರಬೇಕು.

ಮನೆಯಲ್ಲಿ

ಹೊಸ ಅಂಗಿಯನ್ನು 24 ಗಂಟೆ ಒಗೆಯಬಾರದು. ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಬೇಕು. ಅಕ್ಷರದ ಮೇಲೆ ಬ್ರಷ್ಷು ಬೇಡ, ಒಗೆಯುವ ಕಲ್ಲಿಗೆ ಬಡಿಯುವುದೂ ಬೇಡ. ಒಮ್ಮೆ ಕರಗಿದ ಅಂಟು ಮತ್ತೆ ಕಾದರೆ ಮತ್ತೆ ಮೆತ್ತಗಾಗುವುದರಿಂದ, ಅಕ್ಷರದ ಮೇಲೆ ನೇರವಾಗಿ ಇಸ್ತ್ರಿ ಇಟ್ಟರೆ ಅದು ಪೆಟ್ಟಿಗೆಗೇ ಮೆತ್ತಿಕೊಂಡೀತು.

ನೂರು ಅಂಗಿ ಬರೆಸುವವರು ಮೊದಲು ಒಂದನ್ನೇ ಬರೆಸಲಿ. ಮರುದಿನ ಅದನ್ನು ಒಗೆದು, ಹಿಗ್ಗಿಸಿ, ಒಣಗಿಸಿ ನೋಡಲಿ. ಕೊನೆಯ ಗಳಿಗೆಯ ಅವಸರದಲ್ಲಿ ಆರ್ಡರ್ ಕೊಟ್ಟರೆ ಈ ಪರೀಕ್ಷೆಗೆ ಹೊತ್ತೇ ಇರುವುದಿಲ್ಲ. ಎರಡು ದಿನ ಮುಂಚೆ ಹೋದರೆ ಒಂದು ಅಂಗಿಯ ಖರ್ಚಿನಲ್ಲಿ ತೊಂಬತ್ತೊಂಬತ್ತು ಅಂಗಿಗಳು ಉಳಿಯುತ್ತವೆ, ‘ಕರ್ನಾಟಕ’ದ ಅರ್ಕಾವೊತ್ತೂ ಉಳಿಯುತ್ತದೆ.