ಸೂರಿನೊಡನೆ ಆಸರೆ

ಶರಣಧರ್ಮದಲ್ಲಿ ಸಂಸಾರಕ್ಕೆ ಹೀನಸ್ಥಾನವಿಲ್ಲ. ಗೃಹಸ್ಥರಾಗಿದ್ದುಕೊಂಡೇ ಕಾಯಕ ಮಾಡಿ, ಗಳಿಸಿದುದನ್ನು ದಾಸೋಹಕ್ಕೆ ಸಲ್ಲಿಸಿ, ಲಿಂಗಾರ್ಚನೆಯಿಂದ ಬದುಕನ್ನು ಪಾವನಗೊಳಿಸಿಕೊಳ್ಳಬಹುದೆಂಬುದನ್ನು ಹನ್ನೆರಡನೆಯ ಶತಮಾನದ ಶಿವಶರಣರು ಬಾಳಿ ತೋರಿಸಿದರು. ಕಲ್ಯಾಣದಲ್ಲಿ ಬಸವಣ್ಣನವರ ಮನೆಯು ‘ಮಹಾಮನೆ’ ಎನಿಸಿಕೊಂಡುದು ಅದರ ಕಂಬಗಳ ಎತ್ತರದಿಂದಲ್ಲ. ದೂರದ ನಾಡುಗಳಿಂದ ಬಂದವರಿಗೆ ಅಲ್ಲಿ ಇರಲು ಇಂಬು, ಉಣ್ಣಲು ಪ್ರಸಾದ, ಬೆಳೆಯಲು ಸತ್ಸಂಗ ಈ ಮೂರೂ ಒಟ್ಟಿಗೆ ದೊರೆತುದರಿಂದ ಅದು ಮಹಾಮನೆಯಾಯಿತು. ಲಿಂಗಪೂಜೆಗೊಂದು ಮೂಲೆ, ಮಕ್ಕಳ ಓದಿಗೊಂದು ದೀಪ, ಮಳೆಗೆ ಸೋರದ ಒಂದು ಮಾಳಿಗೆ ಇಲ್ಲದಿದ್ದರೆ ಬಡ ಗೃಹಸ್ಥನು ಗೃಹಸ್ಥಧರ್ಮವನ್ನು ಆಚರಿಸುವುದಾದರೂ ಹೇಗೆ? ಆದುದರಿಂದ ಬಡವರ ಮನೆಯ ಪ್ರಶ್ನೆಯು ಸರ್ಕಾರದ ಕಡತಗಳಿಗಷ್ಟೇ ಸೇರಿದುದಲ್ಲ, ಧರ್ಮವಂತ ಸಮಾಜದ ಚಿಂತನೆಗೂ ಸೇರಿದುದಾಗಿದೆ.

ಈ ಮಾತನ್ನು ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ನೆಲದ ಮೇಲೆ ನಿಂತು ವಿಚಾರಿಸುವುದು ಉಚಿತ.

ನದಿಯ ಕೃಪೆ, ನದಿಯ ಕೋಪ

ಕೃಷ್ಣೆ, ದೂಧಗಂಗೆ, ವೇದಗಂಗೆಯರು ಈ ಭಾಗವನ್ನು ಕಬ್ಬಿನ ಸೀಮೆಯನ್ನಾಗಿ ಮಾಡಿದ್ದಾರೆ. ಆದರೆ ಸಹ್ಯಾದ್ರಿಯಲ್ಲಿ ಮಳೆ ಹಿಡಿದು ಕೊಯ್ನಾ ಮೊದಲಾದ ಜಲಾಶಯಗಳು ತುಂಬಿದವೆಂದರೆ, ಕಲ್ಲೋಳ–ಯಡೂರ ನಡುವಿನ ಸೇತುವೆ ಮುಳುಗಿತೆಂಬ ಸುದ್ದಿ ಬರಲು ತಡವಾಗುವುದಿಲ್ಲ. 2005, 2019 ಮತ್ತು 2021ರ ಮಹಾಪೂರಗಳನ್ನು ನದಿತೀರದ ಯಾವ ಕುಟುಂಬವೂ ಮರೆತಿಲ್ಲ. ಮಣ್ಣಿನ ಗೋಡೆಗಳು ನೀರು ಏರಿದಾಗ ಬೀಳುವುದಕ್ಕಿಂತ ನೀರು ಇಳಿದ ಮೇಲೆ ಬೀಳುವುದೇ ಹೆಚ್ಚು. ನೆನೆದ ಗೋಡೆಯು ಬಿಸಿಲಿಗೆ ಬಿರಿದು ಕುಸಿಯುತ್ತದೆ. ಪರಿಹಾರ ಕೇಂದ್ರದಿಂದ ಮರಳಿದ ತಾಯಿಗೆ ತನ್ನ ಒಲೆ ಎಲ್ಲಿತ್ತೆಂದು ಗುರುತಿಸುವುದೂ ಕಷ್ಟವಾಗುತ್ತದೆ.

2019ರ ಪ್ರವಾಹದ ನಂತರ, ಪೂರ್ಣವಾಗಿ ನೆಲಸಮವಾದ ಮನೆಗೆ 5 ಲಕ್ಷ ರೂಪಾಯಿಗಳ ನೆರವನ್ನು ರಾಜ್ಯ ಸರ್ಕಾರವು ಘೋಷಿಸಿತು. ಇದು ಸಣ್ಣ ಮೊತ್ತವಲ್ಲ. ಆದರೆ ಇಂಥ ಹಣವು ಕಂತುಗಳಲ್ಲಿ ಬರುತ್ತದೆ. ಬುನಾದಿಯಾದ ಮೇಲೆ ಒಂದು ಕಂತು, ಗೋಡೆ ಏರಿದ ಮೇಲೆ ಮತ್ತೊಂದು, ಛಾವಣಿಯ ಮೇಲೆ ಇನ್ನೊಂದು. ಅಂದರೆ ಮೊದಲು ಖರ್ಚು, ಆಮೇಲೆ ನೆರವು. ಕೈಯಲ್ಲಿ ಕಾಸಿಲ್ಲದವನು ಸಿಮೆಂಟು, ಕಬ್ಬಿಣಗಳಿಗೆ ಕೈಗಡ ತರಬೇಕು. ತಂದ ಸಾಲಕ್ಕೆ ಬಡ್ಡಿ ಕಟ್ಟಬೇಕು. ಜಾಗದ ಉತಾರ ಅಜ್ಜನ ಹೆಸರಿನಲ್ಲಿದ್ದು ಅಣ್ಣತಮ್ಮಂದಿರ ನಡುವೆ ವಾಟ್ನಿಯಾಗಿರದಿದ್ದರೆ ಕಂತು ಅಲ್ಲಿಗೇ ನಿಲ್ಲುತ್ತದೆ. ಅರ್ಧಕ್ಕೆ ನಿಂತ ಗೋಡೆಗಳ ಹಿಂದೆ ಇರುವುದು ಆಲಸ್ಯವಲ್ಲ, ಈ ಬಗೆಯ ಅಡಚಣೆಗಳು.

ನಿಪ್ಪಾಣಿಯ ಕಥೆ ಬೇರೆ. ಅದು ತಂಬಾಕಿನ ಪೇಟೆ. 1981ರಲ್ಲಿ ತಂಬಾಕು ಬೆಳೆಗಾರರು ಯೋಗ್ಯ ಬೆಲೆಗಾಗಿ ಹೆದ್ದಾರಿಯ ಮೇಲೆ ಕುಳಿತು ನಡೆಸಿದ ಚಳವಳಿಯು ದೇಶದ ಗಮನ ಸೆಳೆಯಿತು. ಆದರೆ ಆ ತಂಬಾಕನ್ನು ವಖಾರಿಗಳಲ್ಲಿ ಜರಡಿ ಹಿಡಿದವರು, ಮನೆಯ ಹೊಸ್ತಿಲಲ್ಲಿ ಕುಳಿತು ಬೀಡಿ ಕಟ್ಟಿದವರು ಬಹುತೇಕ ಹೆಣ್ಣುಮಕ್ಕಳು. ಬೀಡಿ ಕಟ್ಟುವವಳಿಗೆ ಮನೆಯೇ ಕಾರಖಾನೆ. ಒಂದೇ ಖೋಲಿಯಲ್ಲಿ ಅಡಿಗೆ, ಅಲ್ಲಿಯೇ ತಂಬಾಕಿನ ಪುಡಿ, ಅಲ್ಲಿಯೇ ತೊಟ್ಟಿಲು. ಬಾಡಿಗೆಯ ಖೋಲಿ ಇಕ್ಕಟ್ಟಾದಷ್ಟೂ ಕೂಸಿನ ಉಸಿರಿಗೆ ಧೂಳು ಹೆಚ್ಚು. ಇಂಥವರಿಗೆ ಗಾಳಿ ಬೆಳಕಿನ ಸ್ವಂತ ಮನೆಯೆಂದರೆ ಆರೋಗ್ಯವೂ ಹೌದು, ಕಾಯಕದ ನೆಲೆಯೂ ಹೌದು.

ಸೊನ್ನಲಿಗೆಯ ನೆಲದಲ್ಲೊಂದು ಪ್ರಯೋಗ

ಇದೇ ಸಮಸ್ಯೆಗೆ ನಮ್ಮ ನೆರೆಯ ಸೊಲ್ಲಾಪುರದ ಬೀಡಿ ಕಾರ್ಮಿಕ ಮಹಿಳೆಯರು ಒಂದು ದಾರಿ ಕಂಡುಕೊಂಡರು. ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟಿಸಿ ಲೋಕಹಿತವನ್ನೇ ಪೂಜೆಯಾಗಿಸಿದ ಪುಣ್ಯಭೂಮಿ ಅದು. ಅಲ್ಲಿನ ಕಾರ್ಮಿಕ ಸಂಘಟನೆಯವರು, ಮಾಜಿ ಶಾಸಕ ನರಸಯ್ಯ ಆಡಂ ಅವರ ಮುಂದಾಳತನದಲ್ಲಿ, ಮಹಿಳೆಯರದೇ ಒಂದು ಸಹಕಾರಿ ಗೃಹನಿರ್ಮಾಣ ಸಂಘವನ್ನು ಕಟ್ಟಿದರು. ಅದಕ್ಕೆ ವಾರಲಿ ಆದಿವಾಸಿಗಳ ಬಿಡುಗಡೆಗಾಗಿ ದುಡಿದ ಗೋದೂತಾಯಿ ಪರುಳೇಕರ (1907–1996) ಅವರ ಹೆಸರನ್ನಿಟ್ಟರು. ನಗರದ ಹೊರಗಣ ಕುಂಭಾರಿಯ ಬಯಲಿನಲ್ಲಿ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಹಾಯಧನಕ್ಕೆ ಸದಸ್ಯೆಯರ ಸ್ವಂತ ವಂತಿಗೆಯೂ ಕೂಡಿ, 10,000 ಮನೆಗಳು ಎದ್ದು ನಿಂತವು. 2006ರಲ್ಲಿ ಅಂದಿನ ಪ್ರಧಾನಮಂತ್ರಿ ಡಾ. ಮನಮೋಹನ ಸಿಂಗ್ ಅವರು ಆ ಮನೆಗಳನ್ನು ಹಸ್ತಾಂತರಿಸಿದರು.

ಪ್ರಯೋಗವು ಅಲ್ಲಿಗೆ ನಿಲ್ಲಲಿಲ್ಲ. ಬೀಡಿ, ಮಗ್ಗ, ಹೊಲಿಗೆ, ಚಿಂದಿ ಆಯುವ ಕೆಲಸ ಹೀಗೆ ಅಸಂಘಟಿತ ವೃತ್ತಿಗಳಲ್ಲಿ ದುಡಿಯುವವರಿಗಾಗಿ ‘ರೇ ನಗರ’ವೆಂಬ 30,000 ಮನೆಗಳ ಯೋಜನೆಯು ಅಲ್ಲಿಯೇ ಮುಂದುವರಿಯಿತು. 2024ರ ಜನವರಿ 19ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅದರ 15,000 ಮನೆಗಳನ್ನು ಫಲಾನುಭವಿಗಳಿಗೆ ಒಪ್ಪಿಸಿದರು. ಕಟ್ಟಿಸಿದವರ ರಾಜಕೀಯ ಯಾವುದೇ ಇರಲಿ, ಮನೆಯನ್ನು ಕೊಟ್ಟ ಕೈ ಯಾವುದೇ ಇರಲಿ, ಲಾಭದ ಆಸೆಯಿಲ್ಲದ ಒಂದು ಸಂಘವು ಬಡವರನ್ನು ಒಗ್ಗೂಡಿಸಿದರೆ ಎಂಥ ಕೆಲಸವಾಗಬಲ್ಲದೆಂಬುದನ್ನು ನಾವು ಪಕ್ಷಭೇದವಿಲ್ಲದೆ ಮನಗಾಣಬೇಕು.

ಗೋಡೆಗಳಿದ್ದೂ ಮನೆಯಾಗದಾಗ

ಕಟ್ಟಡವಾದ ಮಾತ್ರಕ್ಕೆ ಸಂಸಾರ ನೆಲೆಗೊಳ್ಳುವುದೆಂಬ ಭರವಸೆಯಿಲ್ಲ. 2009ರ ನೆರೆಯಿಂದ ಉತ್ತರ ಕರ್ನಾಟಕದ ಅನೇಕ ಹಳ್ಳಿಗಳು ಕೊಚ್ಚಿಹೋದಾಗ ‘ಆಸರೆ’ ಎಂಬ ಹೆಸರಿನಲ್ಲಿ ಮನೆಗಳ ನಿರ್ಮಾಣ ನಡೆಯಿತು. ದಾನಿಗಳು, ಉದ್ಯಮಸಂಸ್ಥೆಗಳು, ಮಠಗಳು ಉದಾರವಾಗಿ ಕೈಜೋಡಿಸಿದವು. ಸಾವಿರಾರು ಕುಟುಂಬಗಳಿಗೆ ಅದರಿಂದ ಒಳ್ಳೆಯದಾಯಿತು. ಆದರೂ ಕೆಲವು ನವಗ್ರಾಮಗಳಲ್ಲಿ ವರ್ಷಗಳ ನಂತರವೂ ಮನೆಗಳ ಬೀಗ ತೆರೆಯಲಿಲ್ಲವೆಂಬ ವರದಿಗಳು ಪತ್ರಿಕೆಗಳಲ್ಲಿ ಬಂದವು. ಹೊಲ ದೂರ, ದನಗಳಿಗೆ ಕೊಟ್ಟಿಗೆಯಿಲ್ಲ, ಬಣವೆ ಒಟ್ಟಲು ಹಿತ್ತಿಲಿಲ್ಲ, ಕುಡಿಯುವ ನೀರಿಲ್ಲ ಎಂದಾಗ ರೈತನು ಹಳೆಯ ಊರಿಗೇ ಹಿಂದಿರುಗುತ್ತಾನೆ. ಎಮ್ಮೆಯ ಹಾಲಿನಿಂದ ಬದುಕುವ ಮನೆಯವರಿಗೆ ಕೊಟ್ಟಿಗೆಯಿಲ್ಲದ ಪಕ್ಕಾ ಮನೆಗಿಂತ ಕೊಟ್ಟಿಗೆಯುಳ್ಳ ಹಳೆಯ ಜಾಗವೇ ಮೇಲೆನಿಸಿದರೆ ಅದರಲ್ಲಿ ತಪ್ಪೇನಿದೆ? ಬೀಡಿ ಕಟ್ಟುವವಳಿಗೂ ಅಷ್ಟೇ. ಎಲೆ–ತಂಬಾಕು ತಂದು ಕಟ್ಟಿದ ಬೀಡಿ ಒಪ್ಪಿಸುವ ಸ್ಥಳ ದೂರವಾದರೆ ಅರ್ಧ ದಿನದ ಕೂಲಿ ಹಾದಿಯಲ್ಲಿಯೇ ಕಳೆದುಹೋಗುತ್ತದೆ.

ಆದುದರಿಂದ ಸೂರಿನೊಡನೆ ಆಸರೆಯೂ ಬೇಕು. ಆಸರೆಯೆಂದರೆ ಭಿಕ್ಷೆಯಲ್ಲ. ಕಾಗದಪತ್ರ ಸರಿಪಡಿಸಿಕೊಡುವವರು, ತಾಯಿ ದುಡಿಯಲು ಹೋದಾಗ ಕೂಸನ್ನು ನೋಡಿಕೊಳ್ಳುವ ಬಾಲವಾಡಿ, ಸಂಜೆ ಮಕ್ಕಳಿಗೆ ಓದಿಸುವ ಒಬ್ಬ ಶಿಕ್ಷಕ, ಉಳಿತಾಯದ ಗುಂಪು, ಸೋರುವ ಮಾಳಿಗೆಯ ದುರಸ್ತಿಗೊಂದು ಸಣ್ಣ ನಿಧಿ, ಕುಡಿತ ಮತ್ತು ಜಗಳಗಳು ಸಂಸಾರವನ್ನು ಮುರಿಯುವ ಮುನ್ನ ಬುದ್ಧಿ ಹೇಳುವ ಹಿರಿಯರು. ಹೊರದೇಶಗಳಲ್ಲಿಯೂ ಬಡವರಿಗೆ ಮನೆ ಕಟ್ಟುವ ಸೇವಾಸಂಸ್ಥೆಗಳು ಇದನ್ನೇ ಕಂಡುಕೊಂಡಿವೆ. ನೆರೆಯ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕು 1984ರಲ್ಲಿ ಬಡ ಹೆಂಗಸರಿಗೆ ಮನೆಸಾಲ ಕೊಡಲಾರಂಭಿಸಿದಾಗ, ನಿವೇಶನವು ಆಕೆಯ ಹೆಸರಿನಲ್ಲಿಯೇ ಇರಬೇಕೆಂಬ ಷರತ್ತನ್ನು ಹಾಕಿತು. ಗಂಡ ಕೈಬಿಟ್ಟರೂ ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದೆಂಬುದೇ ಅದರ ಆಶಯ. ಆ ಕಾರ್ಯಕ್ಕೆ 1989ರಲ್ಲಿ ಆಗಾಖಾನ್ ವಾಸ್ತುಶಿಲ್ಪ ಪ್ರಶಸ್ತಿ ದೊರೆಯಿತು. ಹೆಣ್ಣಿಗೆ ಲಿಂಗದೀಕ್ಷೆಯ ಸಮಾನ ಹಕ್ಕನ್ನು ಎಂಟುನೂರು ವರ್ಷಗಳ ಹಿಂದೆಯೇ ಕೊಟ್ಟ ಧರ್ಮದವರು ನಾವು. ಉತಾರದ ಮೇಲೆ ಆಕೆಯ ಹೆಸರು ಬರೆಸಲು ಹಿಂಜರಿಯಬಾರದು.

ನಮ್ಮಲ್ಲಿಯೇ ಇರುವ ಮಾದರಿ

ಸೂರು ಮತ್ತು ಆಸರೆಗಳನ್ನು ಒಂದುಗೂಡಿಸುವ ವಿದ್ಯೆಯು ನಮಗೆ ಹೊಸದೇನಲ್ಲ. ಪ್ರಸಾದನಿಲಯವೆಂದರೆ ಅದೇ ಅಲ್ಲವೇ? ಕೊಲ್ಲಾಪುರದ ಶಾಹೂ ಮಹಾರಾಜರು 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗಾಗಿ ವಸತಿಗೃಹ ತೆರೆಸಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಲಿಂಗಾಯತರೂ ಸೇರಿದಂತೆ ಅನೇಕ ಸಮಾಜಗಳ ವಸತಿಗೃಹಗಳು ಅವರ ಆಶ್ರಯದಲ್ಲಿ ಹುಟ್ಟಿಕೊಂಡವು. ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ತ್ಯಾಗಿಗಳು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಆ ಸಪ್ತರ್ಷಿಗಳಲ್ಲಿ ಒಬ್ಬರಾದ ಪಿ. ಆರ್. ಚಿಕ್ಕೋಡಿಯವರ ಮನೆತನದ ಹೆಸರೇ ನಮ್ಮ ಊರನ್ನು ನೆನಪಿಸುತ್ತದೆ. ನಾಗನೂರು ರುದ್ರಾಕ್ಷಿಮಠದ ಡಾ. ಶಿವಬಸವ ಸ್ವಾಮಿಗಳು ಬೆಳಗಾವಿಯಲ್ಲಿ ನಡೆಸಿದ ಉಚಿತ ಪ್ರಸಾದನಿಲಯದಲ್ಲಿದ್ದು ಓದಿದ ಹಳ್ಳಿಯ ಹುಡುಗರು ನಾಡಿನ ಉನ್ನತ ಸ್ಥಾನಗಳನ್ನೇರಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಸ್ವಾಮಿಗಳು (1907–2019) ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದ ತ್ರಿವಿಧ ದಾಸೋಹಿಗಳಾದರು.

ಅಲ್ಲಿ ಖೋಲಿಯೊಂದೇ ಕೊಟ್ಟಿದ್ದರೆ ಆ ಮಕ್ಕಳು ಮೇಲೆ ಬರುತ್ತಿರಲಿಲ್ಲ. ಬೆಳಗಿನ ಪ್ರಾರ್ಥನೆ, ಹೊತ್ತಿಗೆ ಸರಿಯಾಗಿ ಪ್ರಸಾದ, ಓದಿನ ಶಿಸ್ತು, ಬೇನೆ ಬಂದಾಗ ಹಣೆಯ ಮೇಲೊಂದು ಕೈ ಇವೆಲ್ಲ ಸೇರಿ ಅವರನ್ನು ಬೆಳೆಸಿದವು. ಒಬ್ಬ ವಿದ್ಯಾರ್ಥಿಗೆ ನಾವು ಮಾಡಿದುದನ್ನು ಒಂದು ಇಡೀ ಕುಟುಂಬಕ್ಕೆ ಮಾಡುವ ಕಾಲ ಈಗ ಬಂದಿದೆ.

ಏನು ಮಾಡಬಹುದು?

ಮೊದಲನೆಯದು ಆವರ್ತನಿಧಿ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘದ ಬೀಜ ಬಿತ್ತಿದ ಮೇಲೆ ಆ ಬಳ್ಳಿ ನಮ್ಮ ಜಿಲ್ಲೆಯಲ್ಲಿ ಹಬ್ಬಿದಷ್ಟು ಸೊಂಪಾಗಿ ಹಬ್ಬಿದ ಕಡೆಗಳು ವಿರಳ. ನಮ್ಮ ಪಟ್ಟಣಗಳಲ್ಲಿ ಪತ್ತಿನ ಸಂಘಗಳಿಗೆ ಕೊರತೆಯಿಲ್ಲ. ಒಂದು ಪಟ್ಟಣದ ಸಂಘಗಳು ಕೂಡಿ 20 ಲಕ್ಷ ರೂಪಾಯಿಗಳನ್ನು ಬಡ್ಡಿಯಿಲ್ಲದೆ ತೆಗೆದಿಟ್ಟರೆ, 50 ಕುಟುಂಬಗಳಿಗೆ ತಲಾ 40,000 ರೂಪಾಯಿಗಳಂತೆ ಕೈಗಡ ಕೊಡಬಹುದು. ಸರ್ಕಾರದ ಕಂತು ಬಂದೊಡನೆ ಹಣ ಮರಳುತ್ತದೆ, ಮತ್ತೆ 50 ಕುಟುಂಬಗಳಿಗೆ ಅದೇ ಹಣ ಬುನಾದಿಯಾಗುತ್ತದೆ. ಕೊಟ್ಟದ್ದು ಕರಗದ ದಾಸೋಹವಿದು.

ಎರಡನೆಯದು ಕಾಗದಪತ್ರದ ಸೇವೆ. ನಮ್ಮಲ್ಲಿ ನಿವೃತ್ತ ತಲಾಠಿಗಳಿದ್ದಾರೆ, ಶಿಕ್ಷಕರಿದ್ದಾರೆ, ವಕೀಲರಿದ್ದಾರೆ. ವಾರಕ್ಕೊಂದು ದಿನ ಮಠದ ಪಡಸಾಲೆಯಲ್ಲಿ ಕುಳಿತು ವಾರಸಾ, ವಾಟ್ನಿ, ಹಕ್ಕುಪತ್ರಗಳ ಅರ್ಜಿ ಬರೆದುಕೊಟ್ಟರೆ ಅದು ಯಾವ ಪೂಜೆಗೂ ಕಡಿಮೆಯಲ್ಲ.

ಮೂರನೆಯದು ಎತ್ತರದ ನೆಲ. ನದಿಯಿಂದ ದೂರವೂ ಆಗಿರಬೇಕು, ಹೊಲಕ್ಕೆ ಹತ್ತಿರವೂ ಆಗಿರಬೇಕು. ಅಂಥ ಜಾಗವುಳ್ಳ ದೊಡ್ಡ ಹಿಡುವಳಿದಾರರು ಒಂದೆರಡು ಎಕರೆಯನ್ನು ತಂದೆತಾಯಿಗಳ ಸ್ಮರಣಾರ್ಥ ಬಿಟ್ಟುಕೊಟ್ಟರೆ, ಕಲ್ಲಿನ ಮೇಲೆ ಕೆತ್ತಿಸಿದ ಹೆಸರಿಗಿಂತ ಅದು ಹೆಚ್ಚು ಕಾಲ ಬಾಳುತ್ತದೆ. ಅಲ್ಲಿ ಪ್ರತಿ ಮನೆಗೂ ಕೊಟ್ಟಿಗೆ, ಹಿತ್ತಿಲುಗಳಿಗೆ ಜಾಗವನ್ನು ಮೊದಲೇ ಗುರುತಿಸಬೇಕು. ಒಕ್ಕಲಾಗುವವರನ್ನು, ಅದರಲ್ಲೂ ತಾಯಂದಿರನ್ನು, ಕೇಳಿಯೇ ನಕ್ಷೆ ಹಾಕಬೇಕು.

ನಾಲ್ಕನೆಯದು, ಗೃಹಪ್ರವೇಶವಾದ ನಂತರದ ಮೂರು ವರ್ಷ. ಈ ಅವಧಿಯಲ್ಲಿ ಊರಿನ ಅಕ್ಕನ ಬಳಗ, ಯುವಕ ಸಂಘಗಳು ಆ ವಸತಿಯ ಕೈಬಿಡಬಾರದು. ಮಕ್ಕಳು ಶಾಲೆ ಬಿಟ್ಟರೇ, ನಳದಲ್ಲಿ ನೀರು ಬರುತ್ತಿದೆಯೇ, ಉಳಿತಾಯ ನಡೆದಿದೆಯೇ ಎಂದು ವಿಚಾರಿಸುತ್ತಿರಬೇಕು.

ಒಂದು ಮಾತನ್ನು ಮರೆಯಬಾರದು. ಮನೆಯಿಲ್ಲದವರ ಪಟ್ಟಿ ಮಾಡುವಾಗ ಕುಲ ಕೇಳುವ ಹಕ್ಕು ಶರಣರ ವಾರಸುದಾರರಿಗೆ ಇಲ್ಲ. ಮಹಾಪೂರವು ಓಣಿಗಳ ಭೇದವೆಣಿಸದೆ ಒಳನುಗ್ಗಿತ್ತು. ನಮ್ಮ ನೆರವೂ ಹಾಗೆಯೇ ಭೇದವಿಲ್ಲದೆ ಹರಿಯಬೇಕು.

ಬರುವ ಮಳೆಗಾಲಕ್ಕೆ ಮುನ್ನ ಪ್ರತಿ ಊರಿನ ಹಿರಿಯರು ಒಂದು ಸಂಜೆ ಕೂಡಿ, ತಮ್ಮೂರಲ್ಲಿ ಅರ್ಧಕ್ಕೆ ನಿಂತ ಮನೆಗಳೆಷ್ಟು, ಅವು ನಿಂತದ್ದು ಯಾವ ಕಾರಣಕ್ಕೆ ಎಂಬ ಪಟ್ಟಿಯನ್ನಾದರೂ ಸಿದ್ಧಪಡಿಸಲಿ. ಒಂದೇ ಒಂದು ಮನೆಯ ಮಾಳಿಗೆ ಪೂರ್ಣಗೊಂಡು, ಆ ತಾಯಿ ತನ್ನ ಹೆಸರಿನ ಮನೆಯಲ್ಲಿ ದೀಪ ಹಚ್ಚಿ, ಮಕ್ಕಳನ್ನು ಓದಲು ಕೂಡಿಸಿ, ತಾನು ಲಿಂಗಪೂಜೆಗೆ ಕುಳಿತರೆ, ಮಹಾಮನೆಯ ಒಂದು ಕಂಬ ನಮ್ಮೂರಲ್ಲಿ ನಿಂತಂತೆ.