ಮಿದುಳಿನೊಳಗಣ ಶಿಸ್ತು

ಕೆಳದಿಯ ಅರಸರೊಳಗೆ ಶಿವಪ್ಪನಾಯಕನ ಹೆಸರು ಇಂದಿಗೂ ಜನರ ನಾಲಗೆಯ ಮೇಲಿರುವುದಕ್ಕೆ ಅವನ ‘ಶಿಸ್ತು’ ದೊಡ್ಡ ಕಾರಣವಾಗಿದೆ. ೧೬೪೫ರಿಂದ ೧೬೬೦ರವರೆಗೆ ಬಿದನೂರಿನಿಂದ ನಾಡನ್ನಾಳಿದ ಆತನು ಭೂಮಿಯ ವಿಸ್ತಾರವೊಂದನ್ನೇ ನೋಡದೆ, ಅದರ ಸತ್ತ್ವವನ್ನು ಪರೀಕ್ಷಿಸಿ, ಐದು ತರಗತಿಗಳನ್ನೇರ್ಪಡಿಸಿ ಕಂದಾಯವನ್ನು ಗೊತ್ತುಪಡಿಸಿದನು. ಅಳತೆಗಿಂತ ಗುಣವೇ ಮುಖ್ಯವೆಂಬ ಈ ನ್ಯಾಯವನ್ನು ಪ್ರಕೃತಿಯು ನಮ್ಮ ತಲೆಯೊಳಗೂ ಅನುಸರಿಸಿದೆಯೆಂದರೆ ವಾಚಕರು ಆಶ್ಚರ್ಯಪಡಬಹುದು.

ಮರಕ್ಕೆ ತೊಗಟೆಯಿರುವಂತೆ ಮಿದುಳಿಗೂ ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪದ ಬೂದುಬಣ್ಣದ ಹೊರಪದರವುಂಟು. ಒಂದು ಕಿವಿಯಿಂದ ನೆತ್ತಿಯ ಮೇಲೆ ಹಾಯಿಸಿ ಮತ್ತೊಂದು ಕಿವಿಗೆ ದಾರವನ್ನು ಹಿಡಿದರೆ, ಹೆಚ್ಚುಕಡಿಮೆ ಅದರ ಕೆಳಗೆ, ಎರಡು ಪಾರ್ಶ್ವಗಳಲ್ಲಿಯೂ ಈ ಪದರದ ಒಂದೊಂದು ಪಟ್ಟಿಯಿರುವುದು. ನಾವು ಬೇಕೆಂದು ಮಾಡುವ ಚಲನೆಗಳಿಗೆ ಆಜ್ಞೆ ಹೊರಡುವ ಮುಖ್ಯ ಕಚೇರಿಯು ಇದೇ. ೧೮೭೦ರಲ್ಲಿ ಜರ್ಮನಿಯ ಫ್ರಿಟ್ಶ್ ಮತ್ತು ಹಿಟ್ಸಿಗ್ ಎಂಬವರು ನಾಯಿಯ ಮಿದುಳಿನ ಈ ಭಾಗಕ್ಕೆ ಅಲ್ಪ ವಿದ್ಯುತ್ತನ್ನು ಮುಟ್ಟಿಸಲು, ಎದುರುಬದಿಯ ಕಾಲು ಅಲುಗಿತು. ೧೯೩೭ರಲ್ಲಿ ಕೆನಡಾದ ಪೆನ್‌ಫೀಲ್ಡ್ ಮತ್ತು ಬೋಲ್ಡ್ರಿ ಎಂಬ ವೈದ್ಯರು, ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಎಚ್ಚರವಾಗಿದ್ದ ರೋಗಿಗಳನ್ನು ಇದೇ ರೀತಿ ಪರೀಕ್ಷಿಸಿ, ಮನುಷ್ಯನ ಮಿದುಳಿನ ನಕ್ಷೆಯನ್ನು ಪ್ರಕಟಿಸಿದರು.

ಆ ನಕ್ಷೆಯಲ್ಲಿ ದೇಹವು ತಲೆಕೆಳಗಾಗಿದೆ. ನೆತ್ತಿಯ ಬಳಿ ಪಾದದ ಠಾಣೆ. ಕೆಳಗಿಳಿದಂತೆ ಮೈ, ಕೈ, ಮುಖ, ನಾಲಗೆ. ಎಡಗಡೆಯ ಪಟ್ಟಿಯು ಬಲಗಡೆಯ ಅಂಗಗಳನ್ನಾಳುವುದು. ಏಕೆಂದರೆ ಆಜ್ಞೆಯನ್ನೊಯ್ಯುವ ನರತಂತುಗಳಲ್ಲಿ ಬಹುಪಾಲು ಮಿದುಳಿನ ಬುಡದಲ್ಲಿ ಎದುರುಬದಿಗೆ ದಾಟುತ್ತವೆ. ವಿಶಾಲವಾದ ಬೆನ್ನಿಗೆ ದೊರೆತಿರುವುದು ಸಣ್ಣ ತುಂಡು. ಬೆರಳು, ತುಟಿ, ನಾಲಗೆಗಳಿಗೆ ದೊಡ್ಡ ಜಹಗೀರು. ಸಾಗರದ ಗುಡಿಗಾರನು ಶ್ರೀಗಂಧದ ಕೊರಡಿನಲ್ಲಿ ಎಳೆಯಷ್ಟು ಸಣ್ಣ ಬಳ್ಳಿಯನ್ನು ಕೆತ್ತುವಾಗ ಬೆರಳುಗಳಿಗೆ ಬೇಕಾದ ಸೂಕ್ಷ್ಮತೆಯನ್ನು ನೆನೆದರೆ, ಈ ಹಂಚಿಕೆಯ ನ್ಯಾಯವು ತಿಳಿದೀತು. ಈ ಠಾಣೆಗಳ ಗಡಿಗಳು ಗೆರೆ ಕೊಯ್ದಂತಿಲ್ಲ, ಒಂದರೊಳಗೊಂದು ಬೆರೆತಿವೆ. ಮುಂದಣ ಭಾಗಗಳು ಕೆಲಸದ ಏರ್ಪಾಟನ್ನೂ, ಹಿಂದಲೆಯ ಕಿರುಮಿದುಳು ಅದರ ಹದವನ್ನೂ ನೋಡಿಕೊಳ್ಳುತ್ತವೆ.

ಇಷ್ಟನ್ನು ಪಂಡಿತರ ವಿಚಾರವೆಂದು ಬದಿಗಿರಿಸಲಾಗದು. ನಮ್ಮ ಮಲೆನಾಡಿನ ಮನೆಗಳಲ್ಲಿ ಹಿರಿಯರೊಬ್ಬರ ಕೈ ಹಠಾತ್ತನೆ ಜೋತುಬಿದ್ದರೆ, ಗಾಳಿ ಸೋಕಿತೆಂದು ಕೈಗೆ ಎಣ್ಣೆ ತಿಕ್ಕುತ್ತ ಕುಳಿತುಕೊಳ್ಳುವುದುಂಟು. ಕೈಯಲ್ಲಿ ದೋಷವೇನೂ ಇರುವುದಿಲ್ಲ. ಅದನ್ನಾಳುವ ಠಾಣೆಗೆ ರಕ್ತವು ನಿಂತಿರುತ್ತದೆ, ಅಥವಾ ರಕ್ತನಾಳವು ಒಡೆದಿರುತ್ತದೆ. ಕೈ ಮತ್ತು ಮುಖದ ಠಾಣೆಗಳಿಗೆ ರಕ್ತವನ್ನೊದಗಿಸುವ ನಾಳವು ಒಂದೇ. ಎಡಭಾಗದಲ್ಲಿ, ಹೆಚ್ಚಿನ ಜನರಿಗೆ, ಮಾತಿನ ಸ್ಥಾನವೂ ಅದರ ಅಂಕಿತದಲ್ಲಿಯೇ ಇದೆ. ಪಾರ್ಶ್ವವಾಯುವಿನಲ್ಲಿ ಬಾಯಿ ಓರೆಯಾಗುವುದು, ತೋಳು ಸೋಲುವುದು, ಮಾತು ತೊದಲುವುದು ಅನೇಕ ವೇಳೆ ಒಟ್ಟಿಗೆ ಬರುವುದು ಈ ಕಾರಣದಿಂದಲೇ. ಇವುಗಳಲ್ಲಿ ಒಂದು ಕಂಡರೂ ಸಾಕು, ವಿಳಂಬ ಕೂಡದು.

ನಾಳವು ಹೆಪ್ಪುಗಟ್ಟಿ ಮುಚ್ಚಿದ್ದರೆ, ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಒಡೆದಿದ್ದರೆ ಅದೇ ಮದ್ದು ಪ್ರಾಣಾಪಾಯಕರ. ಯಾವುದೆಂಬುದನ್ನು ಮೊದಲು ಸ್ಕ್ಯಾನ್ ಮಾಡಿಯೇ ತಿಳಿಯಬೇಕು. ಮನೆಯ ಔಷಧಕ್ಕೆ ಇಲ್ಲಿ ಸ್ಥಳವಿಲ್ಲ. ಶರಾವತಿಯ ಹಿನ್ನೀರಿನಾಚೆಯ ತುಮರಿ ಸೀಮೆಯವರು ದಶಕಗಳ ಕಾಲ ಲಾಂಚನ್ನು ನಂಬಿದ್ದರು. ರಾತ್ರಿ ಅದೂ ಇರುತ್ತಿರಲಿಲ್ಲ. ೨೦೨೫ರ ಜುಲೈಯಲ್ಲಿ ಸಿಗಂದೂರು ಸೇತುವೆಯು ತೆರೆದು ಆ ಸಂಕಟವು ತಪ್ಪಿತು. ಆದರೆ ದಾರಿಯೊಂದಿದ್ದರೆ ಸಾಲದು. ದಾರಿಯ ಕೊನೆಯಲ್ಲಿ ಸ್ಕ್ಯಾನ್ ಯಂತ್ರವೂ, ಅದನ್ನು ನಡುರಾತ್ರಿಯಲ್ಲಿ ನಡೆಸಬಲ್ಲವರೂ, ಮದ್ದೂ ಇರಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಪೌರರು ಇದನ್ನು ಸರಕಾರದಿಂದ ಹಕ್ಕಿನಿಂದ ಕೇಳತಕ್ಕದ್ದು.

ಕಾಲ ಮೀರಿದವರೂ ನಿರಾಶರಾಗಬೇಕಾದುದಿಲ್ಲ. ಕ್ರಮವರಿತು, ಬೇಸರಿಸದೆ ಅಭ್ಯಾಸ ಮಾಡಿಸಿದರೆ, ಕೆಟ್ಟ ಠಾಣೆಯ ಕೆಲಸವನ್ನು ನೆರೆಯ ಭಾಗಗಳು ಸ್ವಲ್ಪಮಟ್ಟಿಗೆ ವಹಿಸಿಕೊಳ್ಳುತ್ತವೆ. ಆದರೆ ಸತ್ತ ಕಣಗಳು ಮರಳಿ ಬಾರವು. ಆದುದರಿಂದ ಮನೆಯಲ್ಲಿ ಯಾರದಾದರೂ ಕೈ ಬಿದ್ದಾಗ, ಕೈಯನ್ನು ತಿಕ್ಕುವುದಕ್ಕೆ ಮೊದಲು ಗಡಿಯಾರವನ್ನು ನೋಡಿ ೧೦೮ಕ್ಕೆ ಕರೆಮಾಡುವುದೇ ವಿವೇಕ.